ರಜೆಯಲ್ಲಿ ನೀರೆರೆಯುವವರು ಯಾರು?

ಕಡೂರು ತಾಲ್ಲೂಕಿನ ದೇವನೂರನ್ನು ನೋಡದಿದ್ದವರಿಗೂ ಅದರ ಹೆಸರು ಗೊತ್ತು. ಜೈಮಿನಿ ಭಾರತವನ್ನು ಬರೆದ ಲಕ್ಷ್ಮೀಶ ಕವಿಯ ಊರು ಅದು. ಆ ಕವಿಗೆ ಸಂದ ಬಿರುದು ಸಹ ಬಹು ಚೆಲುವಾದದ್ದು: ಕನ್ನಡದ ಕವಿಗಳೆಲ್ಲ ಒಂದು ಮಾವಿನ ತೋಪಾದರೆ, ಆ ತೋಪಿಗೆ ಈತ ಚೈತ್ರಮಾಸವಂತೆ! ಚೈತ್ರ ಕಾಲಿಟ್ಟೊಡನೆ ಮಾವು ಚಿಗುರುತ್ತದೆ, ಹೊಂಗೆ ಹಸುರಾಗುತ್ತದೆ, ಬೇವು ಹೂವಾಗುತ್ತದೆ, ಕೋಗಿಲೆಗೆ ಕಂಠ ಬರುತ್ತದೆ. ಕಾವ್ಯದ ಚೈತ್ರ ಇದು. ಅದೇ ಸೀಮೆಯಲ್ಲಿ ಮನೆಯ ಹಿತ್ತಲಲ್ಲಿ ನಾಲ್ಕು ಬದನೆಯ ಗಿಡಗಳನ್ನು ಸಾಕಿಕೊಂಡಿರುವ ಗೃಹಿಣಿಯನ್ನು ಕೇಳಿದರೆ ಬೇರೆಯೇ ಒಂದು ಚೈತ್ರದ ವರ್ಣನೆ ದೊರೆತೀತು. ಹಿಂದೆ ಅದು ಬಾವಿಯ ಹಗ್ಗಕ್ಕೆ ಇನ್ನೊಂದು ಮಾರು ಹಗ್ಗವನ್ನು ಗಂಟುಹಾಕುತ್ತಿದ್ದ ತಿಂಗಳು. ಈಗ ಕೊಳವೆಬಾವಿಯು ನೀರಿಗೆ ಬದಲಾಗಿ ಗಾಳಿಯನ್ನು ಉಗುಳಲು ತೊಡಗುವ ತಿಂಗಳು.

ಈ ಎರಡು ಚೈತ್ರಗಳ ನಡುವಣ ಅಂತರ ತಿಳಿಯದೆ ತೋಟಕ್ಕೆ ಕೈಹಾಕಿದವರು ಮೊದಲ ವರ್ಷವೇ ಸೋಲುತ್ತಾರೆ. ಶಾಲೆಯ ಅಂಗಳದಲ್ಲಿ, ಅಂಗನವಾಡಿಯ ಹಿಂದೆ, ಬಡಾವಣೆಯ ಖಾಲಿ ನಿವೇಶನದಲ್ಲಿ ಹತ್ತು ಮಂದಿ ಸೇರಿ ಮಾಡುವ ಕೈತೋಟಗಳಿಗೆ ಇದು ಇನ್ನೂ ಹೆಚ್ಚಾಗಿ ಸಲ್ಲುವ ಮಾತು. ಪರದೇಶದ ಪುಸ್ತಕಗಳಲ್ಲಿಯೂ ಬಣ್ಣಬಣ್ಣದ ಬೀಜದ ಪೊಟ್ಟಣಗಳ ಮೇಲೆಯೂ "ವಸಂತದಲ್ಲಿ ಬಿತ್ತಿರಿ" ಎಂದು ಬರೆದಿರುವುದುಂಟು. ಹಿಮ ಕರಗಿ ಮಣ್ಣು ನೆನೆದಿರುವ ನಾಡಿಗೆ ಆ ಬುದ್ಧಿವಾದ ಸರಿಯೇ. ಏಪ್ರಿಲ್ ತಿಂಗಳಲ್ಲಿ ಕಡೂರಿನ ಕೆಂಪು ನೆಲದ ಮೇಲೆ ಬರಿಗಾಲಿನಲ್ಲಿ ನಡೆದು ನೋಡಿದವರಿಗೆ ಅದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಗಿರಿಯ ನೆರಳಿನ ನಾಡು

ಕಡೂರು, ತರೀಕೆರೆ, ಅಜ್ಜಂಪುರ ಇವು ಮೂರೂ ಚಿಕ್ಕಮಗಳೂರು ಜಿಲ್ಲೆಯವೇ. ೧೯೪೭ರವರೆಗೆ ಆ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಚಿಕ್ಕಮಗಳೂರು ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಕಾಫಿಯ ತೋಟ ಮತ್ತು ಜಡಿಮಳೆ. ಆದರೆ ಬಾಬಾಬುಡನ್ ಗಿರಿಯ ಸಾಲು ಮೋಡಗಳನ್ನು ಪಶ್ಚಿಮದಲ್ಲಿಯೇ ತಡೆದು ಹಿಂಡಿಕೊಂಡುಬಿಡುವುದರಿಂದ ಪೂರ್ವದ ಬಯಲಿಗೆ ಬರುವುದು ಉಳಿದ ಪಸೆ ಮಾತ್ರ. ಕಡೂರಿನ ಕಡೆ ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರ್ ಮಳೆಯಾದರೆ, ಗಿರಿಯ ನೆತ್ತಿಯಲ್ಲಿ ಅದರ ಮೂರು ನಾಲ್ಕು ಪಟ್ಟು ಬೀಳುತ್ತದೆ. ತರೀಕೆರೆಯ ಒಂದು ಮಗ್ಗುಲು ಮಲೆನಾಡಿಗೆ ತಾಗಿಕೊಂಡಿದ್ದು ಅಡಿಕೆಯನ್ನು ಬೆಳೆಯುತ್ತದೆ; ಅದೇ ತಾಲ್ಲೂಕಿನಿಂದ ಇತ್ತೀಚಿನ ವರ್ಷಗಳಲ್ಲಿ ಬೇರೆಯಾದ ಅಜ್ಜಂಪುರದ ಕಡೆ ಹೋದರೆ ಎರೆಯ ಭೂಮಿ ಕಾಣಿಸಿಕೊಳ್ಳುತ್ತದೆ. ಕಡೂರಿನಲ್ಲಿ ತೆಂಗು, ರಾಗಿ. ಮಳೆಯನ್ನೇ ನಂಬಿದ ಹೊಲಗಳಲ್ಲಿ ಈರುಳ್ಳಿ.

ಇಂಥ ನಾಡಿನಲ್ಲಿ ನೀರು ಎಂದಿಗೂ ಒಬ್ಬನ ಸೊತ್ತಾಗಿರಲಿಲ್ಲ. ಗಿರಿಯಿಂದ ಇಳಿಯುವ ವೇದಾ ನದಿಯನ್ನು ಸಖರಾಯಪಟ್ಟಣದ ಬಳಿ ಅಯ್ಯನಕೆರೆ ತಡೆಯುತ್ತದೆ; ಆವತಿಯನ್ನು ಮದಗದ ಕೆರೆ ತಡೆಯುತ್ತದೆ. ಎರಡೂ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣೀವಿಲಾಸ ಸಾಗರದ ಕಡೆಗೆ ಸಾಗುತ್ತವೆ. ಕೆರೆ ಊರಿನದು, ತೂಬು ಊರಿನದು, ಸರದಿಯ ಮೇಲೆ ನೀರು ಬಿಡುವ ನೀರುಗಂಟಿ ಊರಿನವನು. ಇಂದು ಅಜ್ಜಂಪುರದ ಬಳಿ ಗುಡ್ಡವನ್ನು ಕೊರೆದ ಸುಮಾರು ಏಳು ಕಿಲೋಮೀಟರ್ ಉದ್ದದ ಸುರಂಗದಲ್ಲಿ ಭದ್ರೆಯ ನೀರೂ ಅದೇ ಸಾಗರದತ್ತ ಹರಿಯುವ ಏರ್ಪಾಡಾಗಿದೆ. ಆದರೇನು? ಸುರಂಗದ ನೀರು ಶಾಲೆಯ ಅಂಗಳದ ಬೆಂಡೆಯ ಗಿಡದ ಬುಡಕ್ಕೆ ತಾನಾಗಿ ಬಂದು ನಿಲ್ಲುವುದಿಲ್ಲ. ಅದಕ್ಕೆ ಕೊಡ ಹಿಡಿದ ಕೈ ಬೇಕು.

ಶಾಲೆಯ ತೋಟದ ಹಳೆಯ ರೋಗ

ಮಕ್ಕಳ ಕೈಯಲ್ಲಿ ಗುದ್ದಲಿ ಕೊಡಬೇಕೆಂಬ ವಿಚಾರ ಇಂದು ನಿನ್ನೆಯದಲ್ಲ. ೧೯೩೭ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಮೂಲಶಿಕ್ಷಣದ ಯೋಜನೆಯನ್ನು ದೇಶದ ಮುಂದಿಟ್ಟಾಗ ಕೈಕೆಲಸವು ಪಾಠದ ನಡುವೆಯೇ ಸ್ಥಾನ ಪಡೆಯಿತು. ೧೯೪೨ರಲ್ಲಿ ಬರ್ಮಾ ದೇಶ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋದಾಗ "ಹೆಚ್ಚು ಆಹಾರ ಬೆಳೆಯಿರಿ" ಎಂಬ ಆಂದೋಲನ ಹುಟ್ಟಿತು. ೧೯೬೫ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ದೆಹಲಿಯ ತಮ್ಮ ನಿವಾಸದ ಹುಲ್ಲುಹಾಸನ್ನೇ ಉತ್ತು ಬಿತ್ತಿದರು. ಮೈಸೂರು ರಾಜ್ಯದಲ್ಲಿ ೧೯೬೩ರಲ್ಲಿ ತೋಟಗಾರಿಕೆಯು ಪ್ರತ್ಯೇಕ ಇಲಾಖೆಯಾಗಿ ಡಾ. ಎಂ. ಎಚ್. ಮರಿಗೌಡರ ಕೈಗೆ ಬಂದ ಮೇಲೆ, ಲಾಲ್‌ಬಾಗಿನ ವಿದ್ಯೆ ತಾಲ್ಲೂಕುಗಳವರೆಗೂ ಇಳಿಯಿತು. ಊರೂರಿಗೆ ಸಸಿಮಡಿ, ತೋಟಗಾರಿಕಾ ಕ್ಷೇತ್ರ. ಒಳ್ಳೆಯ ಜಾತಿಯ ಕಸಿಗಿಡಕ್ಕಾಗಿ ರೈತನು ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲವೆಂಬುದು ಅವರ ಹಟ. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಗಿರಿಧಾಮವೂ ಈ ಇಲಾಖೆಯ ಆಶ್ರಯದಲ್ಲಿ ಬೆಳೆದದ್ದೇ. ಅಲ್ಲಿನ ಹೂವಿನ ಮಡಿಗಳನ್ನು ನೋಡಿ ಬಂದ ಬಯಲುಸೀಮೆಯವರು ಮನೆಯಲ್ಲಿ ಅದನ್ನೇ ಮಾಡಹೊರಟು ನಿರಾಶರಾಗುವುದುಂಟು. ಸಮುದ್ರಮಟ್ಟದಿಂದ ೧೪೦೦ ಮೀಟರಿಗೂ ಎತ್ತರದ ಮಂಜಿನಲ್ಲಿ ಅರಳುವ ಹೂವಿಗೆ ಬೀರೂರಿನ ಬಿಸಿಲು ಒಗ್ಗೀತೆ?

ರಾಜ್ಯದ ಶಾಲೆಗಳಲ್ಲಿ ೨೦೦೨-೦೩ರ ಸುಮಾರಿಗೆ ಮಧ್ಯಾಹ್ನದ ಬಿಸಿಯೂಟ ಆರಂಭವಾದ ಬಳಿಕ ಶಾಲೆಯ ತೋಟಕ್ಕೆ ಹೊಸ ಅರ್ಥ ಬಂದಿತು. ಬೆಳೆದ ಸೊಪ್ಪು ಅಂದಿನ ಸಾರಿಗೇ ಬೀಳುತ್ತದೆ. ೨೦೧೯ರಲ್ಲಿ ಕೇಂದ್ರ ಸರ್ಕಾರವು ಶಾಲಾ ಪೌಷ್ಟಿಕ ತೋಟಗಳಿಗೆಂದು ಮಾರ್ಗಸೂಚಿಯನ್ನೇ ಹೊರಡಿಸಿತು. ನುಗ್ಗೆ, ದಂಟು, ಬಸಳೆ, ಹೀರೆ, ಕುಂಬಳ, ಪಪ್ಪಾಯಿ: ಹಾಳೆಯ ಮೇಲೆ ಎಲ್ಲವೂ ಹಸುರು.

ಆದರೆ ಶಾಲೆಯ ತೋಟಕ್ಕೆ ಒಂದು ಹುಟ್ಟುರೋಗವಿದೆ. ಏಪ್ರಿಲ್ ಎರಡನೆಯ ವಾರದಲ್ಲಿ ಶಾಲೆಗೆ ಬೀಗ ಬೀಳುತ್ತದೆ. ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ಗಿಡಗಳಿಗೆ ನೀರು ಅತ್ಯವಶ್ಯವಾದ ಆ ಒಂದೂವರೆ ತಿಂಗಳಲ್ಲಿ ಮಕ್ಕಳು ಅಜ್ಜಿಯ ಮನೆಯಲ್ಲಿರುತ್ತಾರೆ, ಉಪಾಧ್ಯಾಯರು ತಮ್ಮ ತಮ್ಮ ಊರುಗಳಲ್ಲಿರುತ್ತಾರೆ. ಜೂನ್ ತಿಂಗಳಲ್ಲಿ ನೆಟ್ಟು, ಮಳೆಗಾಲದಲ್ಲಿ ಫೋಟೋ ತೆಗೆಸಿಕೊಂಡು, ಸಂಕ್ರಾಂತಿಯವರೆಗೆ ಕಾಪಾಡಿದ ಗಿಡ ಅಕ್ಷಯ ತೃತೀಯೆಯ ಹೊತ್ತಿಗೆ ಒಣಸೌದೆ. ಶಾಲೆ ತೆರೆದ ದಿನ ಓಡಿಬಂದು ತಾನು ನೆಟ್ಟ ಸಸಿಯ ಬುಡದಲ್ಲಿ ನಿಂತ ಮಗುವಿಗೆ ಆ ಒಣಕಡ್ಡಿ ಕಲಿಸುವ ಪಾಠವನ್ನು ಯಾವ ಮಾರ್ಗಸೂಚಿಯೂ ಬಯಸಿರಲಾರದು.

ಇದು ನಮ್ಮ ಸೋಮಾರಿತನದ ಫಲವೆಂದು ನಾಚಿಕೊಳ್ಳಬೇಕಾಗಿಲ್ಲ. ಶಿಸ್ತಿಗೆ ಹೆಸರಾದ ಜರ್ಮನಿಯಲ್ಲೂ ಹೀಗೆಯೇ ಆಯಿತು! ಲೈಪ್‌ಜಿಗ್ ನಗರದಲ್ಲಿ ಶ್ರೇಬರ್ ಎಂಬ ವೈದ್ಯನ ನೆನಪಿನಲ್ಲಿ ೧೮೬೪ರಲ್ಲಿ ಹುಟ್ಟಿದ ಸಂಘವೊಂದು ಮಕ್ಕಳಿಗಾಗಿ ಆಟದ ಬಯಲನ್ನು ಮಾಡಿತು. ಅದರ ಅಂಚಿನಲ್ಲಿ ಗೆಸೆಲ್ ಎಂಬ ಉಪಾಧ್ಯಾಯರು ಮಕ್ಕಳ ಕೈಯಿಂದ ಸಣ್ಣ ಸಣ್ಣ ಮಡಿಗಳನ್ನು ಮಾಡಿಸಿದರು. ಮಕ್ಕಳಿಗೆ ಬೇಗ ಬೇಸರ ಬಂದಿತು, ಕಳೆ ಬೆಳೆಯಿತು. ಕಡೆಗೆ ತಾಯ್ತಂದೆಯರೇ ಬಗ್ಗಿ ಕಳೆ ಕೀಳತೊಡಗಿದರು. ಮಡಿಗೆ ಬೇಲಿ ಬಂದಿತು, ಬೇಲಿಯೊಳಗೆ ಪುಟ್ಟ ಗುಡಿಸಿಲು ಬಂದಿತು. ಇಂದು ಜರ್ಮನಿಯ ನಗರಗಳ ಅಂಚಿನಲ್ಲೆಲ್ಲ ಕಾಣುವ ಕುಟುಂಬತೋಟಗಳಿಗೆ "ಶ್ರೇಬರ್ ತೋಟ" ಎಂದೇ ಹೆಸರು ನಿಂತಿದೆ. ಮಕ್ಕಳ ತೋಟವು ದೊಡ್ಡವರ ಕೈಹಿಡಿದಾಗಲೇ ಬದುಕಿತು.

ವಸಂತದಲ್ಲಿ ಮಾಡತಕ್ಕ ಕೆಲಸ

ಹಾಗಾದರೆ ಚೈತ್ರ ವೈಶಾಖಗಳಲ್ಲಿ ಕೈಕಟ್ಟಿ ಕೂರಬೇಕೆ? ಖಂಡಿತ ಇಲ್ಲ. ಬಿತ್ತುವ ಕೆಲಸವೊಂದನ್ನು ಬಿಟ್ಟು ಮಿಕ್ಕೆಲ್ಲ ಕೆಲಸಕ್ಕೂ ಇದೇ ಕಾಲ. ಈಚೆಗೆ ಪಟ್ಟಣಗಳಲ್ಲಿ ಬೇಸಿಗೆ ಶಿಬಿರಗಳ ಭರಾಟೆ ಜೋರು. ಮಕ್ಕಳನ್ನು ಹಾಡು, ನಾಟಕ, ಈಜು ಎಂದು ಕಳುಹಿಸುವ ತಂದೆತಾಯಿಗಳು ನಾಲ್ಕು ದಿನ ಮಣ್ಣಿಗೂ ಕಳುಹಿಸಬಹುದು. ಈ ಮೂರು ತಾಲ್ಲೂಕುಗಳ ಬಯಲೇ ಅದಕ್ಕೆ ಬೇಕಾದ ಪಠ್ಯವನ್ನು ಒದಗಿಸುತ್ತದೆ.

ಮೊದಲನೆಯದು ಕೆರೆಯ ಗೋಡು. ಬೇಸಿಗೆಯಲ್ಲಿ ಕೆರೆಯ ಅಂಗಳ ಒಣಗಿ ಬಿರುಕುಬಿಟ್ಟಾಗ ಅಲ್ಲಿನ ಮೆಕ್ಕಲುಮಣ್ಣನ್ನು ಗಾಡಿಯಲ್ಲಿ ತುಂಬಿ ಹೊಲ ತೋಟಗಳಿಗೆ ಹೊಡೆಯುವುದು ಈ ಸೀಮೆಯ ಹಳೆಯ ಪದ್ಧತಿ. ಮಳೆಗಾಲದಲ್ಲಿ ಹೊಲದಿಂದ ಕೊಚ್ಚಿಹೋದದ್ದು ಬೇಸಿಗೆಯಲ್ಲಿ ಹೊಲಕ್ಕೇ ಹಿಂದಿರುಗುತ್ತದೆ, ಕೆರೆಗೂ ಹೂಳೆತ್ತಿದಂತಾಗುತ್ತದೆ. ಕಡೂರಿನ ಮರಳುಮಿಶ್ರಿತ ಕೆಂಪು ಮಣ್ಣಿಗೆ ಎರಡು ಗಾಡಿ ಗೋಡು ಬೆರೆಸಿದರೆ ಎರೆದ ನೀರು ನಿಲ್ಲುವ ಅವಧಿಯೇ ಬೇರೆ. ಅಜ್ಜಂಪುರದ ಎರೆಗೆ ಅದು ಬೇಡ. ಆ ಮಣ್ಣಿಗೆ ಬೇಕಾದದ್ದು ಸಡಿಲಗೊಳಿಸುವ ಸಾಮಗ್ರಿ, ಅಂದರೆ ಚೆನ್ನಾಗಿ ಕೊಳೆತ ಗೊಬ್ಬರ ಮತ್ತು ತರಗೆಲೆ. ಒಂದು ಹಿಡಿ ಮಣ್ಣನ್ನು ನೆನೆಸಿ ಅಂಗೈಯಲ್ಲಿ ಹೊಸೆದು ಬತ್ತಿ ಮಾಡಿಸಿದರೆ ಸಾಕು, ಈ ವ್ಯತ್ಯಾಸ ಐದನೆಯ ತರಗತಿಯ ಹುಡುಗಿಗೂ ತಿಳಿದುಹೋಗುತ್ತದೆ. ಎರೆಮಣ್ಣು ದಾರದಂತೆ ಉದ್ದವಾಗುತ್ತದೆ. ಕೆಮ್ಮಣ್ಣು ನಡುವೆಯೇ ಮುರಿಯುತ್ತದೆ.

ಗೊಬ್ಬರದ ವಿಷಯದಲ್ಲಿ ಈ ನಾಡು ಬಡತನದ್ದಲ್ಲ. ಅಜ್ಜಂಪುರವೆಂದರೆ ಅಮೃತಮಹಲ್ ದನಗಳ ತಳಿಕೇಂದ್ರ. ಮೈಸೂರು ಅರಸರ "ಬೆಣ್ಣೆ ಚಾವಡಿ"ಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದು, ಫಿರಂಗಿಗಳನ್ನೆಳೆದ ದನಗಳು ಅವು. ಬೀರೂರು, ಬಾಸೂರು ಕಡೆಯ ಹುಲ್ಲುಗಾವಲುಗಳಿಗೆ ಇಂದಿಗೂ ಅಮೃತಮಹಲ್ ಕಾವಲು ಎಂದೇ ಹೆಸರು. ಇನ್ನು ಕುರಿ. ತರೀಕೆರೆಯ ಏರಿಯನ್ನೂ ಅದರ ಮೇಲಣ ಮೂರು ಕರಿ ಕುರಿಮರಿಗಳನ್ನೂ ಹೇಳಹೊರಟು ನಾಲಿಗೆ ತೊಡರಿಸಿಕೊಳ್ಳದ ಕನ್ನಡದ ಮಗುವುಂಟೆ? ಬೇಸಿಗೆಯಲ್ಲಿ ಕುರಿಗಾರನಿಗೆ ಕಾಳುಕಡ್ಡಿ ಕೊಟ್ಟು ರಾತ್ರಿ ಹೊಲದಲ್ಲಿ ಮಂದೆಯನ್ನು ತರುಬಿಸುವುದು ಬಯಲುಸೀಮೆಯ ರೈತರ ವಾಡಿಕೆ. ಹಿಕ್ಕೆ, ಗಂಜಲ ಎರಡೂ ನೆಲಕ್ಕೆ ಸೇರುತ್ತವೆ. ಶಾಲೆಯ ತೋಟಕ್ಕೆ ಇಡೀ ಮಂದೆ ಬೇಕಾಗಿಲ್ಲ, ನಾಲ್ಕು ಮಂಕರಿ ಹಿಕ್ಕೆ ಸಾಕು. ಅದೇ ಕುರಿಮರಿ ಜೂನ್ ತಿಂಗಳಲ್ಲಿ ಬೇಲಿ ದಾಟಿ ಬಂದರೆ ಒಂದೇ ಬೆಳಗಿನಲ್ಲಿ ತೋಟ ಮುಗಿಯಿತು. ಆದ್ದರಿಂದ ಬೇಲಿಯ ಕೆಲಸವೂ ವಸಂತದ ಕೆಲಸವೇ.

ಕಾಂಪೋಸ್ಟ್ ಮಾಡುವುದನ್ನು ಕಲಿಸುವಾಗ ಒಂದು ಎಚ್ಚರ ಬೇಕು. ಇಂದೂರಿನಲ್ಲಿ ಸರ್ ಆಲ್ಬರ್ಟ್ ಹೋವರ್ಡರು ೧೯೨೦ರ ದಶಕದಲ್ಲಿ ರೂಪಿಸಿದ ಪದ್ಧತಿ ಲೋಕಪ್ರಸಿದ್ಧ: ಕಸಕಡ್ಡಿ, ಸಗಣಿ, ಮಣ್ಣು, ಬೂದಿ ಪದರಪದರವಾಗಿ ಹಾಕಿ ನಡುನಡುವೆ ಮಗುಚುವುದು. ಆದರೆ ನೆಲದ ಮೇಲೆ ರಾಶಿ ಹಾಕಿದರೆ ಈ ಬಿಸಿಲಿಗೆ ಅದು ಕೊಳೆಯುವ ಬದಲು ಒಣಗಿ ಕೂರುತ್ತದೆ. ಮಳೆ ಕಡಮೆಯಾದ ಕಡೆ ಮೂರಡಿ ಆಳದ ಗುಂಡಿಯೇ ಮೇಲು. ಅಡಿಕೆಯ ಸಿಪ್ಪೆ, ತೆಂಗಿನ ನಾರಿನ ಪುಡಿ ಬೇಗ ಕೊಳೆಯುವಂಥವಲ್ಲ. ಅವನ್ನು ಗುಂಡಿಗೆ ಹಾಕಿ ಕಾಯುವುದಕ್ಕಿಂತ ಗಿಡದ ಬುಡಕ್ಕೆ ಹೊದಿಕೆಯಾಗಿ ಹರಡುವುದೇ ಜಾಣತನ.

ಬೀಜದ ಪರೀಕ್ಷೆ ಮಕ್ಕಳಿಗೆ ಬಹಳ ಹಿಡಿಸುವ ಆಟ. ಕಳೆದ ವರ್ಷ ಬೂದಿ ಬೆರೆಸಿ ಇಟ್ಟ ಬೆಂಡೆ, ಅವರೆ, ಹೀರೆಯ ಬೀಜಗಳಲ್ಲಿ ಇಪ್ಪತ್ತಿಪ್ಪತ್ತನ್ನು ಎಣಿಸಿ ಒದ್ದೆಬಟ್ಟೆಯಲ್ಲಿ ಸುತ್ತಿಡಬೇಕು. ವಾರದ ಮೇಲೆ ಬಿಚ್ಚಿ ನೋಡಿದಾಗ ಹದಿನಾರು ಮೊಳೆತಿದ್ದರೆ ನೂರಕ್ಕೆ ಎಂಬತ್ತು. ಎಂಟೇ ಮೊಳೆತಿದ್ದರೆ ಎರಡರಷ್ಟು ಬಿತ್ತಬೇಕು, ಇಲ್ಲವೆ ನೆರೆಮನೆಯಿಂದ ಬೀಜ ತರಬೇಕು. ಗಣಿತದ ಶೇಕಡಾ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪುಸ್ತಕದಲ್ಲಿದೆ?

ವಸಂತದಲ್ಲಿ ಬಿತ್ತಬೇಡಿರೆಂಬ ಮಾತಿಗೆ ಅಪವಾದಗಳೂ ಉಂಟು. ಮಾವಿನ ಗೊರಟು, ಹಲಸಿನ ಬೀಜ, ಬೇವಿನ ಬೀಜ ಇವು ಇಟ್ಟು ಬಾಳುವಂಥವಲ್ಲ. ಹಣ್ಣು ತಿಂದ ಕೆಲವೇ ವಾರಗಳಲ್ಲಿ ಅವುಗಳ ಮೊಳೆಯುವ ಶಕ್ತಿ ಕುಂದುತ್ತದೆ. ಆದ್ದರಿಂದ ಮಾವಿನ ಸುಗ್ಗಿಯಲ್ಲಿಯೇ ಗೊರಟುಗಳನ್ನು ನೆರಳಿನ ಮಡಿಯಲ್ಲಿ ಊರಬೇಕು. ಮುಂದೆ ಅವೇ ಕಸಿಕಟ್ಟಲು ಬೇಕಾದ ಬೇರುಸಸಿಗಳಾಗುತ್ತವೆ. ಸುವರ್ಣಗೆಡ್ಡೆ, ಅರಿಸಿನಗಳನ್ನು ಏಪ್ರಿಲ್-ಮೇ ತಿಂಗಳಲ್ಲಿ ನೆಡುವುದು ವಾಡಿಕೆ. ಬದನೆ, ಟೊಮ್ಯಾಟೊ, ಮೆಣಸಿನ ಸಸಿಗಳಿಗೆ ನಾಲ್ಕರಿಂದ ಆರು ವಾರ ಬೇಕಾದ್ದರಿಂದ, ಜೂನ್ ತಿಂಗಳ ಮೃಗಶಿರಾ ಮಳೆಗೆ ನಾಟಿ ಮಾಡುವವರು ಮೇ ತಿಂಗಳ ಮೊದಲಲ್ಲೇ ಸಸಿಮಡಿಗೆ ಬೀಜ ಚೆಲ್ಲಬೇಕು. ಮೇಲೆ ತೆಂಗಿನ ಗರಿಯ ಚಪ್ಪರ, ಸುತ್ತ ಇರುವೆ ಬಾರದಂತೆ ಬೂದಿ. ಮಕ್ಕಳು ಅತಿಪ್ರೀತಿಯಿಂದ ದಿನಕ್ಕೆ ನಾಲ್ಕು ಬಾರಿ ನೀರು ಹುಯ್ದು ಸಸಿಯ ಬುಡವನ್ನು ಕೊಳೆಸಿಬಿಡುವುದುಂಟು. ಅವರಿಗೆ ಕೊಡುವ ಹೂಜಿ ಚಿಕ್ಕದಾಗಿರಲಿ.

ಕೊಡಗಳ ಲೆಕ್ಕ

ಈಗ ರಜೆಯ ಪ್ರಶ್ನೆಗೆ ಬರೋಣ. ಒಂದು ಗುಂಟೆ ಎಂದರೆ ಸುಮಾರು ನೂರು ಚದರ ಮೀಟರ್. ಬೇಸಿಗೆಯ ದಿನವೊಂದಕ್ಕೆ ಐದು ಮಿಲಿಮೀಟರ್ ನೀರು ಆವಿಯಾಗುತ್ತದೆಂದು ಇಟ್ಟುಕೊಂಡರೆ, ಅಷ್ಟನ್ನು ತುಂಬಿಕೊಡಲು ೫೦೦ ಲೀಟರ್ ಬೇಕು. ಹದಿನೈದು ಲೀಟರಿನ ಕೊಡದಲ್ಲಿ ಮೂವತ್ತಮೂರು ಕೊಡ! ನಲವತ್ತೆಂಟು ದಿನದ ರಜೆಗೆ ಸಾವಿರದೈನೂರಕ್ಕೂ ಮಿಗಿಲು. ಕುಡಿಯುವ ನೀರಿಗೇ ಸರದಿ ನಿಲ್ಲುವ ಊರಿನಲ್ಲಿ ಇದನ್ನು ಯಾರೂ ಹೊರಲಾರರು, ಹೊರಲೂಬಾರದು.

ಆದರೆ ಗುಂಟೆಯೆಲ್ಲವನ್ನೂ ನೆನೆಸಬೇಕಾದ ಅಗತ್ಯವೆಲ್ಲಿದೆ? ಸೊಪ್ಪು ತರಕಾರಿಯ ಮಡಿಗಳನ್ನು ಮಾರ್ಚ್ ತಿಂಗಳಲ್ಲೇ ಕಿತ್ತು, ಗೋಡು ಗೊಬ್ಬರ ಹಾಕಿ, ರಾಗಿಹುಲ್ಲು ಹೊದಿಸಿ ಮಲಗಿಸಬಹುದು. ಉಳಿಸಬೇಕಾದದ್ದು ನುಗ್ಗೆ, ಕರಿಬೇವು, ನಿಂಬೆ, ಸೀಬೆ, ಪಪ್ಪಾಯಿಯಂಥ ಇಪ್ಪತ್ತು ಎಳೆಯ ಗಿಡಗಳನ್ನು. ಪ್ರತಿಯೊಂದರ ಪಕ್ಕದಲ್ಲಿ ಐದು ಲೀಟರ್ ಹಿಡಿಯುವ ಸುಟ್ಟಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳವಿಟ್ಟರೆ, ಸುತ್ತಣ ಮಣ್ಣು ಒಣಗಿದಷ್ಟೂ ಗಡಿಗೆ ತಾನಾಗಿ ಬೆವರುತ್ತದೆ. ಎರಡು ಸಾವಿರ ವರ್ಷಗಳಷ್ಟು ಹಳೆಯ ಚೀನೀ ಕೃಷಿಗ್ರಂಥವೊಂದರಲ್ಲಿಯೇ ಈ ಉಪಾಯದ ಪ್ರಸ್ತಾಪವಿದೆ. ಗಡಿಗೆ ಹೊಸದಾಗಿರಬೇಕು, ಬಣ್ಣ ಬಳಿದಿರಬಾರದು. ಹಳೆಯ ಗಡಿಗೆಯ ರಂಧ್ರಗಳು ಉಪ್ಪು ಕಟ್ಟಿ ಮುಚ್ಚಿಹೋಗಿರುತ್ತವೆ. ಮೂರು ದಿನಕ್ಕೊಮ್ಮೆ ಇಪ್ಪತ್ತು ಗಡಿಗೆಗಳನ್ನು ತುಂಬಲು ನೂರು ಲೀಟರ್, ಎಂದರೆ ಏಳು ಕೊಡ. ರಜೆಯುದ್ದಕ್ಕೂ ಹದಿನಾರು ಸಲ ತುಂಬಿದರೆ ಆಯಿತು. ಶಾಲೆಯ ಸುತ್ತ ಎಂಟು ಮನೆಗಳು ಒಪ್ಪಿಕೊಂಡರೆ ಒಂದೊಂದು ಮನೆಗೆ ಎರಡೇ ಸರದಿ! ಸಾವಿರದೈನೂರು ಕೊಡಗಳ ಬೆಟ್ಟ ಮನೆಯೊಂದಕ್ಕೆ ಹದಿನಾಲ್ಕು ಕೊಡಕ್ಕೆ ಇಳಿದುಬಿಟ್ಟಿತು. ಕಳೆದ ಕಾಲದ ನೀರುಗಂಟಿ ತೂಬಿನ ಬಳಿ ಮಾಡುತ್ತಿದ್ದ ಲೆಕ್ಕವೂ ಹೆಚ್ಚುಕಡಮೆ ಇಂಥದೇ.

ನಡುವೆ ದೇವರು ಕಣ್ಣು ಬಿಡುವುದೂ ಉಂಟು. ಏಪ್ರಿಲ್ ಕೊನೆಯ ವಾರದಲ್ಲಿ ಭರಣಿ ಹುಟ್ಟುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ನಂಬಿ ಬಯಲಿನ ರೈತ ಸಂಜೆಯ ಹೊತ್ತು ಪಶ್ಚಿಮದ ಗಿರಿಯತ್ತ ನೋಡುತ್ತಾನೆ. ಒಂದು ಹದಮಳೆ ಬಿದ್ದರೆ ಎರಡು ಸರದಿಗಳ ಕೊಡ ಉಳಿಯಿತು. ಬೀಳದಿದ್ದರೆ ಮೇ ತಿಂಗಳ ಎರಡನೆಯ ವಾರದ ಕೃತ್ತಿಕೆಗೆ ಕಾಯಬೇಕು.

ಇಷ್ಟಾದರೂ ಒಂದು ಸಣ್ಣ ತೊಡಕು ಉಳಿಯುತ್ತದೆ. ಎಷ್ಟೋ ಶಾಲೆಗಳಲ್ಲಿ ತೋಟ ಸಾಯುವುದು ನೀರಿಲ್ಲದೆ ಅಲ್ಲ, ಈ ತೊಡಕಿನಿಂದಲೇ. ರಜೆಯಲ್ಲಿ ಶಾಲೆಯ ಗೇಟಿಗೆ ಬೀಗ. ಕೊಡ ಹೊತ್ತು ಬಂದ ತಾಯಿ ಹೊರಗೆ ನಿಂತು ಗಿಡವನ್ನು ನೋಡಿ ಹಿಂದಿರುಗಬೇಕಾಗುತ್ತದೆ. ಬೀಗದ ಕೈಯನ್ನು ಹೊರಗಿನವರಿಗೆ ಕೊಡಲು ಮುಖ್ಯೋಪಾಧ್ಯಾಯರು ಹಿಂಜರಿಯುವುದು ಸಹಜವೇ. ಒಳಗೆ ಬಿಸಿಯೂಟದ ಪಾತ್ರೆಪದಾರ್ಥಗಳಿವೆ, ದಾಖಲೆಗಳಿವೆ, ನಾಳೆ ಉತ್ತರ ಹೇಳಬೇಕಾದವರು ಅವರು. ತೋಟಕ್ಕೆ ಬೇಲಿಯ ಕಡೆಯಿಂದಲೇ ಬೇರೊಂದು ಪುಟ್ಟ ಬಾಗಿಲನ್ನು ಮಾಡಿಸಿದರೆ ಈ ಸಂಕಟವಿರದು. ಎರಡು ಗಳು, ನಾಲ್ಕು ಅಡ್ಡಪಟ್ಟಿ, ಒಂದು ಚಿಲಕ. ಊರಿನ ಬಡಗಿಗೆ ಅರ್ಧ ದಿನದ ಕೆಲಸ. ಅದರ ಬೀಗದ ಕೈ ಹತ್ತಿರದ ಮನೆಯೊಂದರ ಮೊಳೆಗೆ ತೂಗುಬಿದ್ದಿರಲಿ, ಪಕ್ಕದಲ್ಲಿ ಎಂಟು ಮನೆಗಳ ಸರದಿಯ ಪಟ್ಟಿ. ಯುಗಾದಿಯ ಮರುವಾರ, ಪರೀಕ್ಷೆಗಳು ಮುಗಿದು ಮಕ್ಕಳು ಇನ್ನೂ ಊರು ಬಿಡದಿರುವಾಗ, ಬಡಗಿಯನ್ನು ಕರೆಯಲು ಸಮಯ ಸರಿಯಾಗಿರುತ್ತದೆ.